ಕೊನೆಯ ನಲ್ಲಿಯ ನೀರು



ಈ ಕಾಲೇಜಿನ ದತ್ತಿ ಉಪನ್ಯಾಸದಲ್ಲಿ ಕುಡಿಯುವ ನೀರಿನ ಬಗ್ಗೆ ಮಾತನಾಡಲು ಕರೆ ಬಂದಾಗ ನಾನು ಮೊದಲು ನಿರ್ಧರಿಸಿದ್ದು ಏನನ್ನು ಬಿಡಬೇಕು ಎಂಬುದನ್ನು. ನದಿ ಜೋಡಣೆ, ಜಲವಿವಾದ, ಅಣೆಕಟ್ಟುಗಳ ಎತ್ತರ, ಇವುಗಳ ಕಡೆ ನಾನು ಇಂದು ಹೋಗುವುದಿಲ್ಲ. ಅವೆಲ್ಲ ದೊಡ್ಡ ವಿಷಯಗಳೇ. ಆದರೆ ಒಬ್ಬ ಮನುಷ್ಯ ದಿನಕ್ಕೆ ಕುಡಿಯುವುದು ಎರಡು ಮೂರು ಲೀಟರ್. ಅಡುಗೆಯನ್ನೂ ಸೇರಿಸಿಕೊಂಡರೆ ಹತ್ತು ಲೀಟರಿನೊಳಗೆ ಮುಗಿಯುತ್ತದೆ. ಒಂದು ಕೊಡ ನೀರು ಎನ್ನಿ. ಈ ಒಂದು ಕೊಡದ ನೀರು ರೋಗ ತಾರದಂತೆ ಪ್ರತಿ ಮನೆಗೆ ತಲುಪುವುದು ಏಕೆ ಇಷ್ಟು ಕಷ್ಟವಾಗಿದೆ, ಎಲ್ಲಿ ಕೆಡುತ್ತದೆ, ಯಾರು ಅದನ್ನು ಕಾಯುತ್ತಾರೆ, ಇಷ್ಟೇ ನನ್ನ ವಿಷಯ.

2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾದಾಗ ದೇಶದ ಸುಮಾರು 19 ಕೋಟಿ ಗ್ರಾಮೀಣ ಮನೆಗಳ ಪೈಕಿ ನಲ್ಲಿ ಇದ್ದದ್ದು 3.23 ಕೋಟಿ ಮನೆಗಳಿಗೆ. ಇಂದು ಆ ಸಂಖ್ಯೆ 15 ಕೋಟಿ ದಾಟಿದೆ. ನಮ್ಮ ರಾಜ್ಯದಲ್ಲಿ ಇದೇ ಕೆಲಸ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆಯಿತು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಮೈಲಿಗಟ್ಟಲೆ ನಡೆದ ತಲೆಮಾರುಗಳ ಹೆಣ್ಣುಮಕ್ಕಳನ್ನು ನೆನೆದರೆ ಇದನ್ನು ದೊಡ್ಡ ಸಾಧನೆ ಎನ್ನದೆ ಇರಲಾಗದು. ಅದನ್ನು ಮನಸಾರೆ ಮೆಚ್ಚಿಯೇ ಮುಂದೆ ಹೋಗುತ್ತೇನೆ.

ಊರಿನ ಟ್ಯಾಂಕಿನಿಂದ ಹೊರಟ ಪೈಪು ಎಲ್ಲೋ ಒಂದು ಕಡೆ ಮುಗಿಯಬೇಕಲ್ಲ? ಆ ಕಡೆಯಲ್ಲೊಂದು ಮನೆ ಇರುತ್ತದೆ. ಆ ಮನೆಗೂ ನಲ್ಲಿ ಹಾಕಿಸಿ, ಫೋಟೊ ತೆಗೆದು, ಲೆಕ್ಕಕ್ಕೆ ಸೇರಿಸಿದ್ದಾರೆ. ಯೋಜನೆಯ ಪ್ರಕಾರ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು, ಅದೂ ನಿಗದಿತ ಗುಣಮಟ್ಟದ್ದು, ಸಿಗಬೇಕು. ಆ ಕೊನೆಯ ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬರುತ್ತದೆ, ಎಂಥ ನೀರು ಬರುತ್ತದೆ ಎಂದು ಅಲ್ಲೇ ನಿಂತು ನೋಡುವವರು ಯಾರು? ಒಂದು ಊರಿನ ನೀರು ಸುರಕ್ಷಿತವೋ ಅಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಅಲ್ಲಿ. ನಾವೋ ಟ್ಯಾಂಕಿನ ಬುಡದಲ್ಲಿ, ಉದ್ಘಾಟನೆಯ ಫಲಕದ ಮುಂದೆ ಅದನ್ನು ತೀರ್ಮಾನಿಸುತ್ತಿದ್ದೇವೆ.

ಪೈಪಿನೊಳಗೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತ್ಯುತ್ತಮ ಸಾಕ್ಷ್ಯಗಳಲ್ಲೊಂದು ಸಿಕ್ಕಿದ್ದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ. ನಳಕ್ಕೆ ನೀರು ಬಿಡುವ ದಿನ ಎಂದರೇನು ಎಂದು ಅಲ್ಲಿನವರಿಗೆ ವಿವರಿಸಬೇಕಿಲ್ಲ. ಹಲವು ದಿನಗಳಿಗೊಮ್ಮೆ ನೀರು, ಬಂದಾಗ ಬ್ಯಾರಲ್ಲು, ಹಂಡೆ, ಕೊಡ, ತಪೇಲಿ ಎಲ್ಲವನ್ನೂ ತುಂಬಿಕೊಳ್ಳುವ ಗಡಿಬಿಡಿ, ನೀರು ಬರುವ ದಿನ ಮದುವೆ ಮುಂಜಿಗೂ ಮನೆ ಬಿಟ್ಟು ಹೋಗಲಾಗದ ಕಟ್ಟು. ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಬರುವ ನೀರು ಅಮ್ಮಿನಭಾವಿಯ ಘಟಕದಲ್ಲಿ ಶುದ್ಧವಾಗಿಯೇ ಹೊರಡುತ್ತದೆ. ತಲುಪುವಾಗ ಹೇಗಿರುತ್ತದೆ?

2008ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ಹಳೆಯ ಪೈಪುಗಳನ್ನು ತೆಗೆದು ಹೊಸದು ಹಾಕಿ, ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಶುರುವಾಯಿತು. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆಯ ಸುಮಾರು 10ರಲ್ಲಿ 1 ಪಾಲಿಗೆ ಈ ಸೌಲಭ್ಯ ಸಿಕ್ಕಿತು, ಉಳಿದವರಿಗೆ ಹಳೆಯ ಪದ್ಧತಿಯೇ ಮುಂದುವರಿಯಿತು. ಒಂದೇ ಊರು, ಒಂದೇ ಮೂಲದ ನೀರು, ಕೊಡುವ ರೀತಿ ಮಾತ್ರ ಬೇರೆ. ಸಂಶೋಧಕರಿಗೆ ಇಂಥ ಅವಕಾಶ ಅಪರೂಪ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಬಗೆಯ ವಾರ್ಡುಗಳ ನಳಗಳಿಂದ ಮಾದರಿ ಸಂಗ್ರಹಿಸಿ ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನಿರಂತರ ನೀರಿನ ನಳಗಳಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಕಂಡದ್ದು ಶೇ 0.7ರಷ್ಟು ಮಾದರಿಗಳಲ್ಲಿ. ಬಿಟ್ಟು ಬಿಟ್ಟು ನೀರು ಬರುವ ನಳಗಳಲ್ಲಿ ಶೇ 31.7. ಇ-ಕೋಲಿ ಇದೆ ಎಂದರೆ ಆ ನೀರಿಗೆ ಮಲದ ಸಂಪರ್ಕವಾಗಿದೆ ಎಂದೇ ಅರ್ಥ. ಶುದ್ಧೀಕರಣ ಘಟಕದಿಂದ ಶುಚಿಯಾಗಿ ಹೊರಟ ನೀರು ದಾರಿಯಲ್ಲಿ ಹೊಲಸಾಗಿ, ಮೂರರಲ್ಲಿ ಹತ್ತಿರ ಹತ್ತಿರ ಒಂದು ಸಲ ಹಾಗೇ ಮನೆ ಸೇರುತ್ತಿತ್ತು.

ಕಾರಣ ಸರಳ. ನಮ್ಮ ಊರುಗಳಲ್ಲಿ ನೀರಿನ ಪೈಪೂ ಗಟಾರವೂ ಅಕ್ಕಪಕ್ಕದಲ್ಲೇ ಇರುತ್ತವೆ, ಅನೇಕ ಕಡೆ ಪೈಪು ಗಟಾರದೊಳಗೇ ಹಾದುಹೋಗುತ್ತದೆ. ಯಾವ ಪೈಪಿನ ಜಾಲವೂ ಪೂರ್ತಿ ಸೋರದೆ ಇರುವುದಿಲ್ಲ. ಒಳಗೆ ನೀರು ಒತ್ತಡದಲ್ಲಿ ತುಂಬಿರುವಷ್ಟು ಹೊತ್ತು ಸೋರಿಕೆ ಹೊರಮುಖವಾಗಿರುತ್ತದೆ, ಆಗ ನಷ್ಟವಾಗುವುದು ನೀರು ಮಾತ್ರ. ವಾಲ್ವ್ ಮುಚ್ಚಿ ಪೈಪು ಬರಿದಾದ ಕೂಡಲೇ ದಿಕ್ಕು ಬದಲಾಗುತ್ತದೆ. ಎಳನೀರಿನ ಕೊಳವೆಯಲ್ಲಿ ಬಾಯಿಟ್ಟು ಎಳೆದ ಹಾಗೆ, ಬರಿದಾದ ಪೈಪು ಅದೇ ಬಿರುಕಿನಿಂದ ಸುತ್ತಲಿನ ಕೊಚ್ಚೆಯನ್ನು ಒಳಗೆಳೆದುಕೊಳ್ಳುತ್ತದೆ. ಮನೆಮನೆಯವರು ನಲ್ಲಿಗೆ ನೇರವಾಗಿ ಮೋಟಾರು ಹಚ್ಚಿದರೆ ಈ ಎಳೆತ ಇನ್ನೂ ಜೋರಾಗುತ್ತದೆ. ಮುಂದಿನ ಸರದಿಯಲ್ಲಿ ನೀರು ಬಿಟ್ಟಾಗ ಮೊದಲು ಬರುವುದು ಆ ಕೊಚ್ಚೆಯೇ. ಮೊದಲ ನೀರು ಕೆಟ್ಟದ್ದು ಎಂದು ನಮ್ಮ ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಗೊತ್ತು. ಅದಕ್ಕೇ ಅವರು ನೀರು ತಿಳಿಯಾಗುವ ತನಕ ಕಾಯುತ್ತಾರೆ. ಕುಂಪೆಲ್ ಮತ್ತು ನೆಲ್ಸನ್ ಮರುವರ್ಷ ಅದನ್ನೇ ಅಳೆದು ತೋರಿಸಿದರು: ಸರದಿಯ ಆರಂಭದಲ್ಲೂ ಒತ್ತಡ ಇಳಿದ ಹೊತ್ತಿನಲ್ಲೂ ಬ್ಯಾಕ್ಟೀರಿಯಾ ಹೆಚ್ಚು. ಆದರೆ ಪೈಪಿನ ಕೊನೆಯಲ್ಲಿರುವ ಮನೆಯವಳಿಗೆ ಕಾಯುವ ಅನುಕೂಲವಿಲ್ಲ. ಅವಳ ಪಾಲಿಗೆ ಬರುವುದೇ ಅರ್ಧ ಗಂಟೆಯ ಸಣ್ಣ ಧಾರೆ. ಮೊದಲ ನೀರನ್ನು ಚೆಲ್ಲಿದರೆ ಕೊಡ ತುಂಬುವುದಿಲ್ಲ.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹುಬ್ಬಳ್ಳಿ-ಧಾರವಾಡದ 3,922 ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಆರೋಗ್ಯವನ್ನು ಅದು ಗಮನಿಸಿತು. ಅದರ ಫಲಿತಾಂಶವನ್ನು ಪ್ರಾಮಾಣಿಕವಾಗಿ ಪೂರ್ತಿ ಹೇಳಬೇಕು. ಸಾಮಾನ್ಯ ಭೇದಿಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೈ, ನೊಣ, ಬಯಲು, ಆಹಾರ, ಹೀಗೆ ಭೇದಿಗೆ ನೂರು ದಾರಿ. ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಬಂದ ಮನೆಗಳು ಮಾತ್ರ ನಿರಂತರ ನೀರಿನ ವಾರ್ಡುಗಳಲ್ಲಿ ಶೇ 42ರಷ್ಟು ಕಡಿಮೆ. ತೀರಾ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇ 37ರಷ್ಟು ಕಡಿಮೆ. ಹೆಚ್ಚು ಲಾಭವಾದದ್ದು ಬಡವರಿಗೆ. ಉಳ್ಳವರ ಮನೆಯಲ್ಲಿ ಫಿಲ್ಟರ್ ಇದೆ, ನೆಲದಡಿ ಸಂಪು ಇದೆ, ಕುದಿಸಲು ಗ್ಯಾಸ್ ಇದೆ. ಪೈಪಿನ ದೋಷಕ್ಕೆ ಮೈಯೊಡ್ಡಬೇಕಾದವರು ಇಲ್ಲದವರೇ.

ಮೈಯೊಡ್ಡುವುದು ಎಂಬ ಮಾತನ್ನು ನಾನು ಸುಮ್ಮನೆ ಬಳಸುತ್ತಿಲ್ಲ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ತುಂಗಭದ್ರೆ ಹರಿಯುವ ಸೀಮೆ ಅದು. 2022ರಲ್ಲಿ ರಾಯಚೂರು ನಗರದಲ್ಲಿ ಹಾಗೇ ಆಯಿತು. ಒಂದು ಪಕ್ಕ ಕೃಷ್ಣೆ, ಇನ್ನೊಂದು ಪಕ್ಕ ತುಂಗಭದ್ರೆ ಇರುವ ಜಿಲ್ಲೆ ಅದು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಸಾವು. ಮೂರೂ ಕಡೆ ನಲ್ಲಿ ಇತ್ತು.  ಸಾವುಗಳ ನಂತರ ಟ್ಯಾಂಕು ತೊಳೆದರು, ಟ್ಯಾಂಕರಿನಲ್ಲಿ ನೀರು ತಂದರು, ಕೆಲವರನ್ನು ಅಮಾನತು ಮಾಡಿದರು, ಪರಿಹಾರ ಘೋಷಿಸಿದರು. ಆ ಟ್ಯಾಂಕನ್ನು ಹಿಂದಿನ ವಾರ ತೊಳೆದಿದ್ದರೆ? ನಾಲ್ಕು ದಿನ ಮುಂಚೆ ಕೊನೆಯ ನಲ್ಲಿಯ ನೀರನ್ನು ಒಬ್ಬರು ಪರೀಕ್ಷಿಸಿದ್ದರೆ? ಸಿಟ್ಟು ಬರದೆ ಈ ಮಾತನ್ನು ಆಡಲು ನನ್ನಿಂದ ಆಗುವುದಿಲ್ಲ.

ಈಗ ನೀರುಗಂಟಿಯ ವಿಷಯಕ್ಕೆ ಬರುತ್ತೇನೆ. ಪಂಚಾಯಿತಿಯಲ್ಲಿ ಮೋಟಾರು ಚಾಲೂ ಮಾಡುವವನು, ವಾಲ್ವ್ ತಿರುಗಿಸುವವನು, ಪೈಪು ಒಡೆದರೆ ಗುಂಡಿ ತೋಡುವವನು, ಟ್ಯಾಂಕಿನ ಏಣಿ ಹತ್ತಿ ಬ್ಲೀಚಿಂಗ್ ಪೌಡರ್ ಹಾಕುವವನು ಒಬ್ಬನೇ. ಕರೆಂಟು ಬರುವ ಹೊತ್ತಿಗೆ ಅವನ ದಿನಚರಿ ಹೊಂದಿಕೊಳ್ಳಬೇಕು, ಅದು ರಾತ್ರಿ ಎರಡು ಗಂಟೆಯಾದರೂ ಸರಿ. ಅವನ ಸಂಬಳ ತಿಂಗಳುಗಟ್ಟಲೆ ತಡವಾಗುವುದು ಅನೇಕ ಪಂಚಾಯಿತಿಗಳಲ್ಲಿ ಹೊಸ ಸುದ್ದಿಯಲ್ಲ. ಕೋಟ್ಯಂತರ ರೂಪಾಯಿಯ ಯೋಜನೆ ಕೊನೆಗೆ ನಿಲ್ಲುವುದು ಇವನ ಕೈಯಲ್ಲಿರುವ ಪುಡಿಯ ಅಳತೆಯ ಮೇಲೆ.

ಆ ಅಳತೆ ಎಷ್ಟು? ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ದಾರಿಯಲ್ಲಿ ಒಂದಷ್ಟು ಖರ್ಚಾಗುತ್ತದೆಂದು ಲೆಕ್ಕ ಹಿಡಿದು ಟ್ಯಾಂಕಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಕೊಡಬೇಕೆನ್ನಿ. ಪುಡಿಯಲ್ಲಿ ಕಾಲು ಭಾಗ ಕ್ಲೋರಿನ್ ಇದ್ದರೆ 50,000 ಲೀಟರಿನ ಟ್ಯಾಂಕಿಗೆ 400 ಗ್ರಾಂ ಸಾಕು. ಆದರೆ ಬ್ಲೀಚಿಂಗ್ ಪೌಡರ್ ಗಾಳಿಗೆ, ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಎರಡು ತಿಂಗಳು ಬಿದ್ದ ಪುಡಿ ಬಣ್ಣಕ್ಕೆ ಬೆಳ್ಳಗಿದ್ದರೂ ಕೆಲಸಕ್ಕೆ ಸುಣ್ಣವೇ. ಅದನ್ನು ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಸತ್ವವಿರುವ ಪುಡಿ ಹೆಚ್ಚಾದರೆ ಜನ ವಾಸನೆಯೆಂದು ಜಗಳಕ್ಕೆ ಬರುತ್ತಾರೆ, ಆಗ ನೀರುಗಂಟಿ ಹಾಕುವುದನ್ನೇ ನಿಲ್ಲಿಸುತ್ತಾನೆ. ಇದನ್ನೆಲ್ಲ ಅವನಿಗೆ ಕೂರಿಸಿಕೊಂಡು ಹೇಳಿಕೊಟ್ಟವರು ಯಾರು? ಕಂಪೌಂಡರನಿಗೆ ತರಬೇತಿ ಬೇಕು ಎನ್ನುವ ನಾವು ಊರಿಗೆಲ್ಲ ದಿನಾ ಔಷಧಿ ಬೆರೆಸುವವನಿಗೆ ತರಬೇತಿ ಬೇಡವೆಂದುಕೊಂಡಿದ್ದೇವೆ.

ಇದು ಹಣವಿಲ್ಲದ ದೇಶದ ಪಾಡು, ಬಡ ದೇಶಗಳಲ್ಲಿ ಹೀಗೇ ಎಂದು ಹೇಳುವವರಿದ್ದಾರೆ. ಅವರಿಗೆ ನಾನು ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್ ನಗರವನ್ನು ತೋರಿಸುತ್ತೇನೆ. 1975ರಲ್ಲಿ ಪೋಲ್ ಪಾಟ್‌ನ ಪಡೆಗಳು ಇಡೀ ನಗರವನ್ನು ಖಾಲಿ ಮಾಡಿಸಿದ್ದವು. ಎಂಜಿನಿಯರುಗಳು ಸತ್ತಿದ್ದರು, ಪೈಪಿನ ನಕ್ಷೆಗಳು ನಾಶವಾಗಿದ್ದವು. 1993ರಲ್ಲಿ ಏಕ್ ಸೋನ್ ಚಾನ್ ಎಂಬ ಎಂಜಿನಿಯರು ಅಲ್ಲಿನ ನೀರು ಸರಬರಾಜು ಸಂಸ್ಥೆಯ ಮುಖ್ಯಸ್ಥರಾದಾಗ ಬಿಟ್ಟ ನೀರಿನಲ್ಲಿ ಶೇ 72 ಲೆಕ್ಕಕ್ಕೇ ಸಿಗುತ್ತಿರಲಿಲ್ಲ; ಸೋರಿ ಹೋಗುತ್ತಿತ್ತು, ಇಲ್ಲವೇ ಕದ್ದುಹೋಗುತ್ತಿತ್ತು. ದಿನಕ್ಕೆ ಹತ್ತು ಗಂಟೆ ನೀರು, ಅದೂ ಊರಿನ ಐದನೇ ಒಂದು ಭಾಗದವರಿಗೆ ಮಾತ್ರ. ಅವರು ಕಳ್ಳ ಸಂಪರ್ಕಗಳನ್ನು ಹುಡುಕಿ ಕಿತ್ತರು, ಎಲ್ಲರಿಗೂ ಮೀಟರ್ ಹಾಕಿಸಿದರು, ಬಿಲ್ಲು ಕಟ್ಟದ ಸರ್ಕಾರಿ ಕಚೇರಿಗಳ ಸಂಪರ್ಕವನ್ನೂ ಬಿಡಲಿಲ್ಲ. ಮೀಟರ್ ಅಳವಡಿಸಲು ಹೋದಾಗ ಸೇನಾಧಿಕಾರಿಯೊಬ್ಬ ತಲೆಗೆ ಬಂದೂಕು ಹಿಡಿದ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಬಡ ಮನೆಗಳಿಗೆ ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ, ಉಳಿದದ್ದಕ್ಕೆ ಕಂತು. ಒಳ್ಳೆಯ ಕೆಲಸ ಮಾಡಿದ ನೌಕರರಿಗೆ ಬಡ್ತಿ, ಸಂಬಳ. ಹದಿನೈದು ಇಪ್ಪತ್ತು ವರ್ಷದಲ್ಲಿ ನೀರಿನ ನಷ್ಟ ಶೇ 6ರ ಆಸುಪಾಸಿಗೆ ಇಳಿಯಿತು, ನಗರಕ್ಕೆ ಹೆಚ್ಚೂ ಕಡಿಮೆ ಪೂರ್ತಿಯಾಗಿ 24 ಗಂಟೆ ಕುಡಿಯಬಹುದಾದ ನೀರು ಸಿಕ್ಕಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಕಥೆಯನ್ನು ಹುಬ್ಬಳ್ಳಿಯ ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಕಾರಣವಿದೆ. ನಮ್ಮಲ್ಲಿ 24 ಗಂಟೆಯ ನೀರು ಎಂದ ಕೂಡಲೇ ಖಾಸಗೀಕರಣದ ಜಗಳ ಏಳುತ್ತದೆ. ಹುಬ್ಬಳ್ಳಿ-ಧಾರವಾಡದ ಪ್ರಯೋಗವನ್ನು ನಡೆಸಲು ಖಾಸಗಿ ಕಂಪನಿಯನ್ನು ಕರೆದದ್ದಕ್ಕೆ ವಿರೋಧ ಬಂತು, ಆ ಆತಂಕ ನ್ಯಾಯವಾದದ್ದೇ. ನೀರು ಸಾರ್ವಜನಿಕರ ಕೈಯಲ್ಲೇ ಉಳಿಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಆ ಅಭಿಪ್ರಾಯ ಇಟ್ಟುಕೊಂಡವರು ನಾಮ್‌ಪೆನ್ ಸಂಸ್ಥೆಯಷ್ಟು ಕಟ್ಟುನಿಟ್ಟನ್ನು ನಮ್ಮ ಪಾಲಿಕೆಗಳಿಂದ ಕೇಳಬೇಕು. ಆ ನಾಮ್‌ಪೆನ್ ಸಂಸ್ಥೆಯೂ ಸರ್ಕಾರದ್ದೇ. ಬದಲಾದದ್ದು ಅದರ ನಡವಳಿಕೆ. ದುಡ್ಡಿನ ವಿಷಯದಲ್ಲೂ ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಬದುಕಿಗೆ ಬೇಕಾದಷ್ಟು ನೀರು ಬಡವರಿಗೆ ಉಚಿತವಾಗಿ ಸಿಗಲಿ, ಅದರ ಮೇಲೆ ಬಳಸುವವರು ಬೆಲೆ ಕೊಡಲಿ. ಈಗ ಟ್ಯಾಂಕರಿಗೆ, 20 ಲೀಟರಿನ ಕ್ಯಾನಿಗೆ ಅತಿ ಹೆಚ್ಚು ತೆರುತ್ತಿರುವವರು ನಲ್ಲಿ ಇಲ್ಲದವರು, ಇದ್ದರೂ ನೀರು ಬಾರದವರು.

ನಮ್ಮ ದೇಶದಲ್ಲೇ ಒಡಿಶಾದ ಪುರಿ ನಗರ 2021ರಲ್ಲಿ ನಲ್ಲಿಯಿಂದ ನೇರವಾಗಿ ಕುಡಿಯಬಹುದಾದ ನೀರನ್ನು 24 ಗಂಟೆ ಕೊಡಲಾರಂಭಿಸಿತು. ಅಲ್ಲಿ ನನಗೆ ಹೆಚ್ಚು ಹಿಡಿಸಿದ್ದು ‘ಜಲಸಾಥಿ’ಯರ ವ್ಯವಸ್ಥೆ. ಸ್ವಸಹಾಯ ಸಂಘಗಳ ಮಹಿಳೆಯರು ಮನೆಮನೆಗೆ ಹೋಗಿ ಮೀಟರ್ ಓದುತ್ತಾರೆ, ಬಿಲ್ಲಿನ ಹಣ ಸಂಗ್ರಹಿಸುತ್ತಾರೆ, ಮನೆಯವರ ಮುಂದೆಯೇ ನೀರು ಪರೀಕ್ಷಿಸುತ್ತಾರೆ. ಹಣ ಕೇಳುವವರೇ ಗುಣಮಟ್ಟ ತೋರಿಸಬೇಕು. ಇದು ಎಲ್ಲಿ ಬೇಕಾದರೂ ಮಾಡಬಹುದಾದ ಕೆಲಸ.

ಇಷ್ಟು ಹೊತ್ತು ಹೇಳಿದ್ದು ರೋಗಾಣುವಿನ ಮಾತು. ರೋಗಾಣು ಒಂದೆರಡು ದಿನದಲ್ಲಿ ಹೊಟ್ಟೆ ಕೆಡಿಸಿ ಸುಳಿವು ಕೊಡುತ್ತದೆ. ನೆಲದೊಳಗಿನ ವಿಷಗಳು ಹತ್ತು ಹದಿನೈದು ವರ್ಷ ಸುಮ್ಮನಿರುತ್ತವೆ.

ಬಾಂಗ್ಲಾದೇಶದಲ್ಲಿ ಆದದ್ದು ಅದು. ಕೆರೆ ಹೊಂಡದ ನೀರು ಕುಡಿದು ಮಕ್ಕಳು ಕಾಲರಾ, ಭೇದಿಗಳಿಂದ ಸಾಯುತ್ತಿದ್ದರು. 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಊರೂರಿಗೆ ಕೈಪಂಪಿನ ಕೊಳವೆ ಬಾವಿ ಕೊರೆದರು, ಜನ ತಾವಾಗಿಯೂ ಲಕ್ಷಾಂತರ ಕೊರೆಸಿಕೊಂಡರು. ಗ್ರಾಮೀಣ ಜನರಲ್ಲಿ 10ರಲ್ಲಿ 9ಕ್ಕೂ ಹೆಚ್ಚು ಮಂದಿ ಕೊಳವೆ ಬಾವಿಗೆ ಬಂದರು. ಲೆಕ್ಕದ ಪ್ರಕಾರ ದೇಶ ಗೆದ್ದಿತ್ತು. ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಮಾತ್ರ ಯಾರೂ ನೋಡಿರಲಿಲ್ಲ. ಗಡಿಯಾಚೆ ಪಶ್ಚಿಮ ಬಂಗಾಳದಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ.ಸಿ. ಸಹಾ 1983ರಲ್ಲೇ ಅಂಗೈ ಅಂಗಾಲು ಗಡುಸಾಗಿ, ಮೈಮೇಲೆ ಕಪ್ಪು ಚುಕ್ಕೆ ಎದ್ದ ರೋಗಿಗಳಲ್ಲಿ ಇದನ್ನು ಗುರುತಿಸಿದ್ದರು. ಬಾಂಗ್ಲಾದೇಶದಲ್ಲಿ ಅಧಿಕೃತವಾಗಿ ಪತ್ತೆಯಾದದ್ದು 1993ರಲ್ಲಿ. 2000ದಲ್ಲಿ ಪ್ರಕಟವಾದ ಲೇಖನದಲ್ಲಿ ಅಲನ್ ಸ್ಮಿತ್ ಎಂಬ ತಜ್ಞರು ಇದನ್ನು ಇತಿಹಾಸದಲ್ಲೇ ಅತಿದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಕರೆದರು. ಆಮೇಲೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಕೆಟ್ಟ ಬಾವಿಯ ಮೂತಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಸುಮಾರು 14 ಲಕ್ಷ ಬಾವಿಗಳು ಕೆಂಪಾದವು.

ಆ ಬಣ್ಣ ಮಾಡಿದ ಉಪಕಾರವನ್ನು ನೋಡಿ. ದುಬಾರಿ ಶೋಧಕ ಯಂತ್ರಗಳಿಗಿಂತ ಹೆಚ್ಚು ಜನರನ್ನು ಕಾಪಾಡಿದ್ದು ಕೆಂಪು ಬಾವಿಯವರು ನೆರೆಯವರ ಹಸಿರು ಬಾವಿಗೆ ಹೋಗಿ ನೀರು ತಂದದ್ದು. ಗೊತ್ತಾದದ್ದೇ ಅರ್ಧ ಚಿಕಿತ್ಸೆ. ಆದರೆ ಬಣ್ಣ ಮಾಸಿತು, ಹೊಸ ಬಾವಿಗಳು ಪರೀಕ್ಷೆಯಿಲ್ಲದೆ ಬಂದವು. ಸರ್ಕಾರ ಕೊರೆಸಿದ ಆಳದ ಸುರಕ್ಷಿತ ಬಾವಿಗಳು ಅನೇಕ ಕಡೆ ಪ್ರಭಾವಿಗಳ ಮನೆ ಹಿತ್ತಲಿಗೆ ಹೋದವು. ಪರೀಕ್ಷೆ ಎಂಬುದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಾದರೆ ಹೀಗಾಗುತ್ತದೆ. ಇದು ದೂರದ ಮಾತೂ ಅಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರಿನಿಂದ ಚರ್ಮರೋಗ ಅನುಭವಿಸಿದ್ದನ್ನು ನಾವು ಕಂಡಿದ್ದೇವೆ.

ನಮ್ಮ ಬಯಲುಸೀಮೆಯ ದೊಡ್ಡ ಶತ್ರು ಫ್ಲೋರೈಡ್. ನಮ್ಮ ದೇಶದಲ್ಲಿ ಇದರ ರೋಗವನ್ನು ಶಾರ್ಟ್ ಎಂಬ ವೈದ್ಯರು ನೆಲ್ಲೂರು ಸೀಮೆಯಲ್ಲಿ ಗುರುತಿಸಿ ಬರೆದದ್ದು 1937ರಲ್ಲಿ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ನಲ್ಗೊಂಡದಲ್ಲಿ ಹದಿಹರೆಯದವರ ಮೊಣಕಾಲು ಒಳಕ್ಕೆ ಬಾಗಿದ್ದನ್ನು ದಾಖಲಿಸಿದರು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಓಡಾಡಿದವರು ಕಂದುಗಟ್ಟಿದ ಹಲ್ಲಿನ ಮಕ್ಕಳನ್ನೂ ನಡು ಬಗ್ಗಿದ ನಡುವಯಸ್ಸಿನವರನ್ನೂ ನೋಡಿಯೇ ಇರುತ್ತಾರೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಎಂದು ಮಾನಕ. ಮೂಳೆ ಗಟ್ಟಿಯಾಗಿ ಬೆನ್ನು ಸೆಟೆದ ಮೇಲೆ ಅದನ್ನು ಹಿಂದಿರುಗಿಸುವ ಔಷಧಿ ಇಲ್ಲ. ಇನ್ನೊಂದು ಮಾತನ್ನು ಇಲ್ಲಿರುವ ತಾಯಂದಿರು ದಯವಿಟ್ಟು ಗಮನಿಸಬೇಕು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಇದು ನಾವೇ ತೋಡಿ ತಂದ ಕಾಯಿಲೆ. ಗ್ರಾನೈಟ್ ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡ್ ಬಹುಕಾಲ ಅದರೊಳಗೆ ನಿಂತ ನೀರಿಗೆ ಇಳಿಯುತ್ತದೆ. ಕೆರೆ ತುಂಬಿ, ತೆರೆದ ಬಾವಿಯಲ್ಲಿ ನೀರು ಸೇದುತ್ತಿದ್ದ ಕಾಲದಲ್ಲಿ ಜನ ಕುಡಿಯುತ್ತಿದ್ದದ್ದು ಮೇಲ್ಪದರದ ಹೊಸ ನೀರು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಈಗ 1,000 ಅಡಿಯ ಕೆಳಗಿಳಿದು ಬಂಡೆಯೊಳಗಿನ ಹಳೆಯ ನೀರನ್ನು ಎತ್ತುತ್ತಿದ್ದೇವೆ. ಪರಿಹಾರವೆಂದು ರಾಜ್ಯದ ತುಂಬ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ನಡೆಯುತ್ತಿರುವಷ್ಟು ದಿನ ಅವುಗಳಿಂದ ಉಪಕಾರವಿದೆ, ನಾನು ಅಲ್ಲಗಳೆಯುವುದಿಲ್ಲ. ನೀರು ಸೋಸುವ ಪೊರೆ ಬದಲಿಸಲು ಹಣವಿಲ್ಲದೆ, ಗುತ್ತಿಗೆ ಮುಗಿದು, ಕೊಳವೆ ಬಾವಿ ಬತ್ತಿ ಬೀಗ ಬಿದ್ದ ಘಟಕಗಳೂ ಬೇಕಾದಷ್ಟಿವೆ. ನಡೆಯುವ ಘಟಕವೂ ಒಳಗೆ ಹೋದ ನೀರಿನಲ್ಲಿ ಅರ್ಧದಷ್ಟನ್ನು, ಕೆಲವೆಡೆ ಇನ್ನೂ ಹೆಚ್ಚನ್ನು ಫ್ಲೋರೈಡ್ ಸಮೇತ ಹೊರಚೆಲ್ಲುತ್ತದೆ, ಅದು ಮತ್ತೆ ಅದೇ ನೆಲಕ್ಕೆ ಇಳಿಯುತ್ತದೆ. ಮೇಲಾಗಿ ಕ್ಯಾನಿನ ನೀರು ಕುಡಿಯಲು ಮಾತ್ರ. ಸಾರು, ಮುದ್ದೆ, ಅನ್ನಕ್ಕೆ ಬೋರಿನ ನೀರೇ. ಫ್ಲೋರೈಡ್ ತಟ್ಟೆಯ ದಾರಿ ಹಿಡಿದು ಮೈ ಸೇರುತ್ತದೆ.

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ ಎನ್ನುವಷ್ಟು ಕಡಿಮೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 50 ಚದರ ಮೀಟರಿನ ಛಾವಣಿಯ ಮೇಲೆ 30,000 ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ನಷ್ಟವೆಂದು ಬಿಟ್ಟರೂ 24,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲಾ 10 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 18,250 ಲೀಟರ್. ಲೆಕ್ಕ ಸರಿಹೋಗುತ್ತದೆ. ಮಳೆಯಿಲ್ಲದ ತಿಂಗಳುಗಳಿಗೆ ಕೂಡಿಡುವ ತೊಟ್ಟಿಗೆ ಖರ್ಚು ಬರುತ್ತದೆ, ಬಡವರಿಗೆ ಅದನ್ನು ಸರ್ಕಾರ ಕಟ್ಟಿಸಿಕೊಡಬೇಕು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಬಹುಗ್ರಾಮ ಯೋಜನೆಯಂಥವೂ ಬೇಕು, ಬೇಡವೆನ್ನುತ್ತಿಲ್ಲ. ನೂರಾರು ಕಿಲೋಮೀಟರ್ ಪೈಪಿನ ತುದಿಯಲ್ಲಿ ಕೂತ ಹಳ್ಳಿಗೆ ತನ್ನದೇ ಆದ ಒಂದು ತೊಟ್ಟಿ ನೀರಿನ ಆಸರೆ ಇದ್ದರೆ ಪೈಪು ಒಡೆದ ದಿನ ಅದು ಮತ್ತೆ ಬೋರಿಗೆ ಓಡಬೇಕಿಲ್ಲ.

ಪೈಪಿನ ತುದಿ ಎಂದೆ. ಆ ತುದಿಯಲ್ಲಿ ಯಾರಿರುತ್ತಾರೆ ಎಂಬುದನ್ನು ಹೇಳದೆ ಈ ಉಪನ್ಯಾಸ ಪೂರ್ತಿಯಾಗುವುದಿಲ್ಲ. ಕೇರಿ, ಹಟ್ಟಿ, ತಾಂಡಾ, ಜನತಾ ಕಾಲೊನಿ ಇರುವುದು ಊರಿನ ಅಂಚಿನಲ್ಲಿ. ಟ್ಯಾಂಕು ನಿಲ್ಲುವುದು ಊರ ನಡುವೆ. ಹಾಗಾಗಿ ಒತ್ತಡ ಕಡಿಮೆಯಾಗುವುದು, ಕ್ಲೋರಿನ್ ಮುಗಿಯುವುದು, ಕೊಚ್ಚೆ ಸೇರುವುದು ಎಲ್ಲವೂ ಒಂದೇ ಕಡೆ ಬಂದು ಕೂಡುತ್ತವೆ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಗೆ ನಡೆದು ಬೊಗಸೆ ನೀರು ಕುಡಿದರು. ಆ ಕೆರೆ ಆ ವೇಳೆಗಾಗಲೇ ಎಲ್ಲರಿಗೂ ಮುಕ್ತವೆಂದು ಅಲ್ಲಿನ ಪುರಸಭೆ ನಿರ್ಣಯ ಮಾಡಿತ್ತು. ದಲಿತರಿಗೆ ಕಾಗದದಲ್ಲಿ ಮುಕ್ತ, ದಡದಲ್ಲಿ ನಿಷಿದ್ಧ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ಆ ತೊಂಬೆಯನ್ನು ಖಾಲಿ ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿ ಬಂತು. ಮಹಾಡ ಆಗಿ 95 ವರ್ಷದ ಮೇಲೆ! ಮನೆಮನೆಗೆ ನಲ್ಲಿ ಬಂದರೆ ತೊಂಬೆಯ ಬಳಿಯ ಈ ಅವಮಾನ ತಪ್ಪುತ್ತದೆ, ಅದಕ್ಕಾಗಿಯೇ ನಾನು ಮನೆಯ ನಲ್ಲಿಯ ಪಕ್ಷದಲ್ಲಿದ್ದೇನೆ. ಆದರೆ ಅದೇ ನಲ್ಲಿ ಕೇರಿಯ ಮನೆಗೆ ಕೆಟ್ಟ ನೀರನ್ನು ತಂದರೆ ಅನ್ಯಾಯ ಕಣ್ಣಿಗೆ ಕಾಣದಂತೆ ನೆಲದೊಳಗೆ ಹೋಯಿತೆಂದಷ್ಟೇ ಆಯಿತು.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು, ಖರ್ಚೂ ಕಡಿಮೆ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಊರಿನ ಕೊನೆಯ ನಲ್ಲಿಯ ವಿವರವನ್ನು ವಾರಕ್ಕೊಮ್ಮೆ ಬರೆಯಬೇಕು. ಎಷ್ಟು ಗಂಟೆ ನೀರು ಬಂತು, ಉಳಿದ ಕ್ಲೋರಿನ್ ಎಷ್ಟು, ಟ್ಯಾಂಕು ತೊಳೆದ ದಿನ ಯಾವುದು. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಎಷ್ಟಿದೆ ಎಂಬುದು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ. ಜಲಜೀವನ್ ಮಿಷನ್ ನಿಯಮದಂತೆಯೇ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕಾಗಿದೆ. ಅವರು ಯಾರು, ಕಿಟ್ಟಿನ ರಾಸಾಯನಿಕ ಮುಗಿದಿದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ನೀರುಗಂಟಿಯ ಸಂಬಳ ಎಷ್ಟು ತಿಂಗಳು ಬಾಕಿಯಿದೆ ಎಂದೂ ಕೇಳಿ.

ಈ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರಿಗೆ ಒಂದು ಮಾತು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಕೆ.ಎಸ್. ಮಾಂಜಾ ಮತ್ತು ಸಂಗಡಿಗರು 1982ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಚಿಕ್ಕ ಬಾಟಲಿಯಲ್ಲಿ ಮದ್ದು ಹಚ್ಚಿದ ಕಾಗದ, ಅದಕ್ಕೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ತಗಲಿದ ನೀರು ಕಪ್ಪಾಗುತ್ತದೆ. ಓದು ಬರಹ ಬಾರದವರಿಗೂ ಅರ್ಥವಾಗುವ ಫಲಿತಾಂಶ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮೊದಲ ನಲ್ಲಿಯಿಂದ ಒಂದು ಬಾಟಲಿ, ಕೊನೆಯ ನಲ್ಲಿಯಿಂದ ಒಂದು ಬಾಟಲಿ ತುಂಬಿ ತರಲಿ. ಬೇಸಿಗೆಯಲ್ಲೊಮ್ಮೆ, ಮುಂಗಾರು ಹಿಡಿದ ಮೇಲೊಮ್ಮೆ. ಎರಡು ಬಾಟಲಿಗಳನ್ನೂ ಊರಿಗೆ ಮರಳಿ ಒಯ್ದು ಗ್ರಾಮಸಭೆಯ ಮೇಜಿನ ಮೇಲೆ ಅಕ್ಕಪಕ್ಕ ಇಡಲಿ. ಮುಂದಿನ ಪ್ರಶ್ನೆಗಳನ್ನು ಊರವರೇ ಕೇಳುತ್ತಾರೆ.